ಮೇಲೆ ತೆಳ್ಳಗೆ ಕೂತದ್ದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

ಸತ್ತವರ ಕಾಗದಪತ್ರ ಬರೆಯುವವನು ನಗಬಾರದು. ಆದರೆ ನಗುವಂಥದ್ದು ಅಲ್ಲೇ ಹೆಚ್ಚು ನಡೆಯುತ್ತದೆ. ತೊಂಬತ್ತರ ದಶಕದಲ್ಲಿ ನಾನು ಹಾಸನದ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಅಪಘಾತದಲ್ಲಿ ಸತ್ತವರ ಮನೆಯವರು ಕನ್ನಡದಲ್ಲಿ ಹೇಳಿದ್ದನ್ನು ವಿಮೆ ಕಂಪನಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವುದು ನನ್ನ ಕೆಲಸ.

೧. ಕೂತ ಬೂದಿ

ಅರಕಲಗೂಡು ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಬಿದ್ದು ಒಬ್ಬ ತೀರಿಕೊಂಡಿದ್ದ. "ಅಣೆ ಮ್ಯಾಲೆ ತೆಳ್ಗೆ ಬೂದಿ ಕೂತಿತ್ತು ಸಾ, ಇಬೂತಿ ಇಟ್ಟಂಗೆ" ಎಂದ ಅವನ ತಮ್ಮ. ನಾನು 'ಆಶ್ ವಾಸ್ ಸಿಟ್ಟಿಂಗ್' ಎಂದು ಟೈಪ್ ಮಾಡಿದೆ. ವಕೀಲರು ಓದಿ, ಹಾಗೆ ಕೂತ ಪದರಕ್ಕೆ 'ಕೋಟ್' ಅನ್ನಬೇಕು ಅಂತ ಹೇಳಿಕೊಟ್ಟರು. ಇಲ್ಲದಿದ್ದರೆ ಕುರ್ಚಿ ಕೊಟ್ಟಿದ್ದರೋ ಚಾಪೆ ಹಾಸಿದ್ದರೋ ಅದನ್ನೂ ಬರಿ ಎಂದರು.

೨. ಬಿಳಿ ಕೋಟು

ಚನ್ನರಾಯಪಟ್ಟಣದ ಹತ್ತಿರ ಹಿಟ್ಟಿನ ಗಿರಣಿಯಲ್ಲಿ ಕರೆಂಟು ಹೊಡೆದು ಆಳೊಬ್ಬ ಸತ್ತ. ಹೆಂಡತಿ ನೋಡಿದಾಗ ಮೈಮೇಲೆಲ್ಲ ಅಕ್ಕಿ ಹಿಟ್ಟು ಕೂತಿತ್ತಂತೆ. ಹೊಸದಾಗಿ ಕಲಿತ ಮಾತಲ್ಲವೇ, ಮೈಮೇಲೆ ವೈಟ್ ಕೋಟ್ ಇತ್ತು ಅಂತ ಬರೆದೆ. ಹಿಟ್ಟನ್ನು ಬರೆಯುವುದೇ ಮರೆತುಹೋಯಿತು. ಗಿರಣಿ ಆಳಿಗೆ ಬಿಳಿ ಕೋಟು ಎಲ್ಲಿಂದ ಬಂತು, ಸತ್ತವನು ಅವನೇ ಹೌದೋ, ಕೋಟು ಹಾಜರುಪಡಿಸಿ ಎಂದು ಕಂಪನಿಯಿಂದ ಆಕೆಗೆ ಕಾಗದ ಹೋಯಿತು. ಆಕೆ ನುಸಿಗುಳಿಗೆ ವಾಸನೆಯ ಕರಿ ಕೋಟೊಂದನ್ನು ಮಡಚಿ ತಂದು ನನ್ನ ಮೇಜಿನ ಮೇಲಿಟ್ಟಳು.

"ಮದ್ವೇದು. ಅವ್ರತ್ರ ಇದ್ದದ್ದು ಇದೊಂದೇ ಸಾ. ಬಿಳೀದೇ ಆಗ್ಬೇಕಾ?"

ತಿದ್ದಿ ಕಳಿಸಿದ ಮೇಲೆ ಕ್ಲೇಮು ಸಿಕ್ಕಿತು. ನಾನು ಮತ್ತೆಂದೂ ಕೋಟು ಬರೆಯಲಿಲ್ಲ.

೩. ಫಿಲಂ

ಡಿಕ್ಷನರಿಯಲ್ಲಿ ಹುಡುಕಿದಾಗ ಕೋಟಿನ ಬದಲು 'ಫಿಲಂ' ಸಿಕ್ಕಿತು, ತೆಳು ಪೊರೆ ಅಂತ ಅರ್ಥ. ಹೊಳೆನರಸೀಪುರದ ಕಡೆ ಒಬ್ಬ ಪಂಪು ರಿಪೇರಿಗೆ ಬಾವಿಗಿಳಿದು ಮುಳುಗಿಬಿಟ್ಟಿದ್ದ. ನೀರಿನ ಮೇಲೆ ತೆಳ್ಳಗೆ ಪಂಪಿನ ಎಣ್ಣೆ ಹರಡಿದ್ದನ್ನು ಕಂಡೇ ಮಗ ಮುಳುಗಿದ್ದು ಅವನ ಅಪ್ಪನಿಗೆ ಗೊತ್ತಾಗಿತ್ತು. ನಾನು ಎಣ್ಣೆಯ ಫಿಲಂ ಕಂಡರು ಅಂತ ಬರೆದೆ. ವಿಚಾರಣೆಯಲ್ಲಿ ಕಂಪನಿಯ ವಕೀಲರು ಎಣ್ಣೆಯ ಮಾತು ಬಿಟ್ಟು ಕನ್ನಡದಲ್ಲೇ ಕೇಳಿದರು: "ಮಗ ಮುಳುಗಿದ ದಿನ ನೀವು ಫಿಲಂ ನೋಡಿದಿರಿ. ಹೌದಾ?"

ಮುದುಕ ಹೆಗಲ ಟವಲು ತೆಗೆದು ಕೈಗೆ ಸುತ್ತಿಕೊಂಡ.

"ಮಗ ಓದಾಗಿಂದ ಮನೇಲಿ ಟೀವಿನೂ ಆಕಿಲ್ಲ ಸಾ. ಅಂಗಂತ ಬರ್ದೋನು ಯಾವನು?"

ಆತ ಹಿಂದಿನ ಬೆಂಚಿನಲ್ಲಿದ್ದ ನನ್ನತ್ತ ಕೈತೋರಿಸಿದ.

"ನಾ ಏಳಿದ್ನೆಲ್ಲ ಸರ್ಯಾಗಿ ಬರ್ಕೊಂಡೋರು ಇವ್ರೊಬ್ರೇ. ಬೇಕಾದ್ರೆ ಇವ್ರನ್ನೇ ಕೇಳಿ."