ಮುಖದ ಹಕ್ಕುದಾರ

ಹುಣಸಗಿಯ ಚಿತ್ರಗಾರ ಪಂಪಣ್ಣನಿಗೆ ಅಂದು ಬೆಳಿಗ್ಗೆ ಕಷ್ಟ ಬಂದದ್ದು ಒಂದು ಕ್ಯಾಲೆಂಡರಿನ ರೂಪದಲ್ಲಿ. ನೆರೆಮನೆಯ ಕಿರಾಣಿ ಅಂಗಡಿ ಅಯ್ಯಣ್ಣ ಅದನ್ನು ಬಿಚ್ಚಿ ಹಿಡಿದ. ಮೇಲೆ ಮೊಸಳೆಯನ್ನೇರಿದ ಗಂಗಮ್ಮ. ಕೆಳಗೆ ಇಲಿ ಪಾಷಾಣದ ಡಬ್ಬಿ.

“ಕಾಲುವಿ ಗುಡಿ ಗ್ವಾಡಿ ಮ್ಯಾಲ ನೀ ಬರೆದದ್ದಲ್ಲೇನೋ ಇದು? ಶಹಾಪುರದ ಪ್ರೆಸ್ಸಿನಾಂವ ಫೋಟೋ ಹೊಡ್ಕೊಂಡು ಹೋಗಿ ಛಾಪಿಸ್ಯಾನ. ಮನಿಮನಿಗೂ ಹಂಚ್ಯಾನ!”

ಪಂಪಣ್ಣನ ಮುಖ ಒದ್ದೆ ರಟ್ಟಿನಂತೆ ಮುದುಡಿತು. ಊರಿಗೆ ತಿಳಿಯದ ಸಂಗತಿಯೊಂದಿತ್ತು. ಮೂರು ವರ್ಷದ ಹಿಂದೆ, ಕಾಲುವೆಗೆ ಮೊದಲ ನೀರು ಬಂದಾಗ, ಅವನ ಹೆಂಡತಿ ಗೊಲ್ಲಾಳಮ್ಮ ಜ್ವರದಲ್ಲಿ ತೀರಿಕೊಂಡಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಆ ತಿಂಗಳೇ ಗುಡಿಯ ಗೋಡೆಗೆ ಗಂಗಮ್ಮನನ್ನು ಬರೆಯುವ ಕೆಲಸ ಬಂತು. ಮೊಸಳೆ, ಕಮಲ, ಕಿರೀಟಗಳನ್ನು ಹಳೆಯದೊಂದು ಪಟ ನೋಡಿ ಇಳಿಸಿದ. ಮುಖಕ್ಕೆ ಬಂದಾಗ ಕೈ ತಾನಾಗಿ ಅವಳನ್ನು ಬರೆಯಿತು. ದೇವಿ ಬೇಡವೆನ್ನಲಿಲ್ಲ. ಕಿರೀಟ, ಮೂಗುತಿಯ ನಡುವೆ ಊರಿಗೂ ಗುರುತು ಸಿಗಲಿಲ್ಲ. ಅಂದಿನಿಂದ ದಿನವೂ ಹೋಗಿ ಕೈಮುಗಿದು ಬರುತ್ತಿದ್ದ. ಅವಳೀಗ ಇಲಿ ಪಾಷಾಣ ಮಾರುತ್ತಿದ್ದಳು.

“ಕೇಸ್ ಹಾಕು, ಸಾಕ್ಷಿಗೆ ನಾ ಅದೀನಿ” ಎಂದು ಅಯ್ಯಣ್ಣ ಅವನನ್ನು ಸಂತೆಗೆ ಎತ್ತು ಎಳೆದಂತೆ ಬಸ್ಸಿಗೆ ಹತ್ತಿಸಿದ.

ಶಹಾಪುರದ ವಕೀಲರು ಪ್ರೆಸ್ಸಿನ ಮಾಲೀಕನನ್ನು ಕರೆಸಿದರು. ಅವನು ನಕ್ಕ. “ಈತನ ಸ್ವಂತದ್ದು ಏನೈತ್ರಿ ಇದ್ರಾಗ? ನಮ್ಮಜ್ಜಿ ಜಗಲಿ ಮ್ಯಾಲಿನ ಪಟದಾಗೂ ಇದೇ ಮೊಸಳಿ ಐತಿ. ಮೊದಲ ಈತ ಕದ್ದಾನ, ಆಮ್ಯಾಲ ನಾ.”

ವಕೀಲರು ಕನ್ನಡಕ ಏರಿಸಿದರು. “ಮೊಸಳಿ ನಿಂದಲ್ಲ, ಪಂಪಣ್ಣ. ಹಳೇ ಚಿತ್ರಕ್ಕ ನೀ ಹೊಸದಾಗಿ ಏನು ಸೇರಿಸೀದಿ, ಅಷ್ಟಕ್ಕ ಮಾತ್ರ ನಿನಗ ಹಕ್ಕು. ಏನು ಸೇರಿಸೀದಿ?”

ಪಂಪಣ್ಣ ನೆಲ ನೋಡಿದ. “ಮಾರಿರಿ.”

“ಯಾರ ಮಾರಿ?”

“ನನ್ನ ಹೇಣ್ತೀದ್ರಿ.”

ಅಯ್ಯಣ್ಣನ ಬಾಯಿ ಕಾಲುವೆಯ ತೂಬಿನಂತೆ ತೆರೆಯಿತು.

ಕೇಸು ಬೇಡವೆಂದು ಮಾಲೀಕ ಒಪ್ಪಿದ. ಛಾಪಾ ಕಾಗದದ ಮೇಲೆ ಎಲ್ಲ ದಾಖಲಾಯಿತು: ಗಂಗಮ್ಮನ ಮುಖ ಪಂಪಣ್ಣನ ಸ್ವಂತ ಕೃತಿ, ಅವನ ಒಪ್ಪಿಗೆಯಿಲ್ಲದೆ ಛಾಪಿಸಿದ ಒಂದು ಪ್ರತಿಯೂ ಉಳಿಯಬಾರದು. ಸಾಕ್ಷಿಯ ರುಜು ಹಾಕಿದ ಅಯ್ಯಣ್ಣ, ಅಂಗಡಿ ತೆಗೆಯಬೇಕೆಂದು ಸಿಕ್ಕ ಬಸ್ಸು ಹಿಡಿದ. ಪಂಪಣ್ಣ ಅಯ್ಯಣ್ಣ ತಂದಿದ್ದ ಕ್ಯಾಲೆಂಡರ್ ಹಿಡಿದು ಪ್ರೆಸ್ಸಿನ ಅಂಗಳದಲ್ಲಿ ಕ್ಯಾಲೆಂಡರಿನ ಕಟ್ಟುಗಳು ಉರಿಯುವುದನ್ನು ನೋಡುತ್ತ ನಿಂತ.

“ನಿಮ್ಮ ಕೈಯಾಗಿಂದೂ ಹಾಕ್ರಿ” ಎಂದ ಮಾಲೀಕ. “ಒಂದೂ ಉಳೀಬಾರ್ದಂತ ನೀವೇ ಬರೆಸೀರಿ.”

ಹಾಕಿದ. ಗೋಡೆಯ ಮೇಲೆ ಅವಳಿದ್ದಳಲ್ಲ.

ಹೊತ್ತು ಇಳಿಯುವಾಗ ಛಾಪಾ ಕಾಗದ ಕೈಯಲ್ಲಿ ಹಿಡಿದೇ ಊರಿಗೆ ಬಂದು ನೇರ ಗುಡಿಗೆ ನಡೆದ. ಗೋಡೆ ಬೆಳ್ಳಗೆ ಹಸಿಯಾಗಿತ್ತು. ಓಣಿಯ ಹಿರಿಯಳು ದೇವಕ್ಕ ಸೆರಗು ಬಿಗಿದು, ಸುಣ್ಣದ ಬಕೀಟಿನ ಪಕ್ಕ ನಿಂತಿದ್ದಳು.

“ಅಯ್ಯಣ್ಣ ಎಲ್ಲಾ ಹೇಳ್ಯಾನ. ನಳದ ಮುಂದ ನನ್ನ ಕೊಡ ಒದ್ದಾಕಿಗೆ ಮೂರು ವರ್ಷ ನನ್ನ ಕೈಲೆ ಉಡಿ ತುಂಬಿಸಿದೆಲ್ಲೋ!”

“ಯಕ್ಕಾ, ನಿಮ್ಮ ಮನ್ಯಾಗಿನ ಕ್ಯಾಲೆಂಡರ್…” ಪಂಪಣ್ಣ ಓಣಿಯತ್ತ ತಿರುಗಿದ. “ಯಾರ ಮನ್ಯಾಗರೆ ಒಂದು?”

“ಎಲ್ಲಾ ಕೂಡಿಸಿ ಕಾಲುವಿಗೆ ಬಿಟ್ಟೀವಿ. ಏನರೆ ಆಗಲಿ, ಪೂಜಿ ಮಾಡಿದ್ದು. ಕುಂಕುಮ ಹಚ್ಚೇ ಬಿಟ್ಟೀವಿ.”

ಕಾಲುವೆ ಸದ್ದಿಲ್ಲದೆ ಹರಿಯುತ್ತಿತ್ತು. ಪಂಪಣ್ಣ ಹಣೆಯಿದ್ದ ಜಾಗ ಹುಡುಕುತ್ತ ಗೋಡೆಯತ್ತ ಎರಡೂ ಕೈ ಚಾಚಿದ.

ದೇವಕ್ಕನ ದನಿ ಒಂದಿಷ್ಟು ಇಳಿಯಿತು.

“ಆ ಕಾಗದ ಕಿಸೇದಾಗ ಇಡೋ ತಮ್ಮಾ, ಸುಣ್ಣ ಹತ್ತೀತು.”