ಮಗಳ ಜಟೆ, ಅಪ್ಪನ ಭಾನುವಾರ

ಐವತ್ತು ದಾಟಿದ ಮೇಲೆ ಹೊಸ ವಿದ್ಯೆ ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ. ನನ್ನ ಅನುಭವದಲ್ಲಿ ಅದು ಸುಳ್ಳು. ಹತ್ತುತ್ತದೆ, ಆದರೆ ನಾವು ಬಯಸಿದ್ದು ಹತ್ತುವುದಿಲ್ಲ, ಅಷ್ಟೆ. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಈ ಆರು ವರ್ಷಗಳಲ್ಲಿ ನಾನು ಕಲಿಯಬೇಕೆಂದುಕೊಂಡದ್ದು ತೆಲುಗು ಓದುವುದನ್ನು, ಸಮುದ್ರದಲ್ಲಿ ಈಜುವುದನ್ನು ಮತ್ತು ಮೇಲಧಿಕಾರಿಗಳಿಗೆ ‘ಆಗುವುದಿಲ್ಲ’ ಎಂದು ಹೇಳುವುದನ್ನು. ಮೂರೂ ಬರಲಿಲ್ಲ. ಬಂದ ವಿದ್ಯೆ ಒಂದೇ, ಜಟೆಯ ಆರೈಕೆ. ನನ್ನ ತಲೆಯದ್ದಲ್ಲ. ಅಲ್ಲಿ ಆರೈಕೆಗೆ ಸಿಕ್ಕುವಂಥದ್ದೇನೂ ಉಳಿದಿಲ್ಲ. ಮಗಳ ತಲೆಯದ್ದು. ಇದನ್ನು ಹೇಳಿಕೊಳ್ಳುವಾಗಲೂ ಸೊಂಟ ಹಿಡಿದಂತಾಗುತ್ತದೆ.

ಮಗಳು ಮೇಘನಾ ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹೋದ ವರ್ಷ, ರುಷಿಕೊಂಡ ಬೀಚಿನ ಅಲೆಗಳ ಮೇಲೆ ಹಲಗೆ ಹತ್ತಿ ನಿಲ್ಲುವ ಗೆಳತಿಯೊಬ್ಬಳು ಇವಳನ್ನು ಎರಡು ದಿನ ಕೂರಿಸಿಕೊಂಡು, ಇದ್ದ ಕೂದಲನ್ನೆಲ್ಲ ಸಿಕ್ಕುಗಟ್ಟಿಸಿ ಮೂವತ್ತೆಂಟು ಜಟೆ ಮಾಡಿ ಕಳಿಸಿದಳು. ಡ್ರೆಡ್‌ಲಾಕ್ಸ್ ಎನ್ನಬೇಕಂತೆ. ಜಡೆಗೂ ಜಟೆಗೂ ಒಂದೇ ಅಕ್ಷರದ ವ್ಯತ್ಯಾಸವಾದರೂ ಮನೆಯಲ್ಲಿ ಎಷ್ಟು ಗದ್ದಲವಾಗಬಹುದೆಂದು ಆ ದಿನ ಗೊತ್ತಾಯಿತು. ನನ್ನ ಹೆಂಡತಿ ಭಾರತಿಯೂ ನನ್ನಂತೆ ಬ್ಯಾಂಕಿನವಳೇ. ಅವಳ ಶಾಖೆ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ, ನನ್ನದು ಇಲ್ಲಿ ದುವ್ವಾಡದಲ್ಲಿ. ತಿಂಗಳಿಗೊಮ್ಮೆ ರೈಲು ಹತ್ತಿ ಬರುತ್ತಾಳೆ. ಮಗಳ ತಲೆಯನ್ನು ವಿಡಿಯೊ ಕಾಲಿನಲ್ಲಿ ನೋಡಿ ಮೊದಲು ನೆಟ್‌ವರ್ಕ್ ಸರಿಯಿಲ್ಲವೆಂದುಕೊಂಡಳಂತೆ. ಸರಿಯಿದೆಯೆಂದು ಖಾತ್ರಿಯಾದ ಮೇಲೆ ಮೂರು ದಿನ ನಮ್ಮಿಬ್ಬರೊಡನೆಯೂ ಮಾತಾಡಲಿಲ್ಲ. ನನ್ನ ತಪ್ಪೇನು ಎಂದು ಕೇಳಿದ್ದಕ್ಕೆ, ಒಂದೇ ಮನೆಯಲ್ಲಿದ್ದೂ ಎರಡು ದಿನ ನೋಡದೆ ಇದ್ದದ್ದೇ ತಪ್ಪು ಎಂದಳು.

ಅಲ್ಲಿಯವರೆಗೂ ಅದು ತಾಯಿ ಮಗಳ ವ್ಯವಹಾರವಾಗಿತ್ತು. ಈ ಸಲದ ಮಳೆಗಾಲದಲ್ಲಿ ಮೇಘನಾ ಸ್ಕೂಟರಿನಿಂದ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಭಾರತಿ ಓಡಿ ಬಂದಳು, ನಾಲ್ಕು ದಿನ ಇದ್ದು ಅನ್ನ ಕಲಸಿ ತಿನ್ನಿಸಿದಳು, ಹೊರಡುವ ದಿನ ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿದಳು. “ನೋಡಿ, ಅವಳ ಬೇರೆಲ್ಲ ಕೆಲಸ ಮಾಡಿಕೊಡಿ. ಆ ತಲೆ ಮಾತ್ರ ಮುಟ್ಟಬೇಡಿ. ಒಂದು ಕೈಯಲ್ಲಿ ಅದನ್ನ ನೋಡ್ಕೊಳ್ಳೋಕಾಗಲ್ಲ. ಎರಡು ವಾರಕ್ಕೆ ತಾನಾಗೇ ಕತ್ತರಿಸಿಬಿಡೋಣ ಅಂತಾಳೆ.” ನಾನು ಮಾತು ಕೊಟ್ಟೆ. ಮಾತು ಕೊಡುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ಆ ಭಾನುವಾರವೇ ಮಾತು ಕೆಟ್ಟಿತು. ಕಾಫಿ ಕುಡಿಯುತ್ತಿದ್ದವನಿಗೆ ಬಚ್ಚಲಿನಿಂದ ಮಗ್ಗು ಬಿದ್ದ ಸದ್ದು ಕೇಳಿತು. ಹೋಗಿ ನೋಡಿದರೆ ಪ್ಲಾಸ್ಟರ್ ಹಾಕಿದ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಅದನ್ನು ಮೇಲಕ್ಕೆತ್ತಿ ಹಿಡಿದು, ಮಗಳು ಎಡಗೈಯಲ್ಲಿ ತಲೆಗೆ ನೀರು ಹೊಯ್ದುಕೊಳ್ಳಲು ಹೆಣಗುತ್ತಿದ್ದಳು. ಅರ್ಧ ನೀರು ನೆಲಕ್ಕೆ, ಅರ್ಧ ಬಟ್ಟೆಗೆ. ಸಹಾಯ ಬೇಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅಮ್ಮನ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾನು ಪಂಚೆ ಎತ್ತಿಕಟ್ಟಿ ಮಗ್ಗು ತೆಗೆದುಕೊಂಡೆ.

ಜಟೆಯೆಂದರೆ ತೊಳೆಯದೆ ಬಿಟ್ಟ ತಲೆ ಎಂದುಕೊಂಡಿದ್ದೆ. ಸನ್ಯಾಸಿಗಳಿಗೆ ಅದೊಂದು ಅನುಕೂಲ ಎಂದೇ ನನ್ನ ಭಾವನೆಯಾಗಿತ್ತು. ಈಗ ಹೇಳುತ್ತೇನೆ, ಸಂಸಾರದಲ್ಲಿ ಇಷ್ಟು ಕೆಲಸವಿಲ್ಲ. ಶಾಂಪೂವನ್ನು ಮಗ್ಗಿನ ನೀರಿನಲ್ಲಿ ಕದಡಿ ಬುಡಕ್ಕೆ ಮಾತ್ರ ಹೊಯ್ಯಬೇಕು. ಉಜ್ಜಬಾರದು, ಹಿಂಡಬೇಕು. ನೊರೆ ಒಳಗೆ ಉಳಿಯಬಾರದು, ಆದ್ದರಿಂದ ಬಕೆಟ್ಟುಗಟ್ಟಲೆ ನೀರು. ಟವೆಲ್ಲಿನ ಎಳೆ ಒಳಗೆ ಸೇರಿಕೊಳ್ಳುತ್ತದೆಯೆಂದು ಹಳೆಯ ಪಂಚೆಯಲ್ಲಿ ಒಂದೊಂದನ್ನೇ ಒತ್ತಬೇಕು. ಆಮೇಲೆ ಒಣಗಿಸುವುದು. ವಿಶಾಖಪಟ್ಟಣದ ಮಳೆಗಾಲದಲ್ಲಿ ಕರವಸ್ತ್ರವೇ ಎರಡು ದಿನಕ್ಕೆ ಒಣಗುವುದಿಲ್ಲ, ಇನ್ನು ಹೆಬ್ಬೆರಳು ಗಾತ್ರದ ಮೂವತ್ತೆಂಟು ಜಟೆಗಳು. ಒಳಗೆ ಒದ್ದೆ ಉಳಿದರೆ ಮುಗ್ಗಲು ವಾಸನೆ ಬರುತ್ತದೆ. ಬೆಳಿಗ್ಗೆ ಎಂಟಕ್ಕೆ ತೊಳೆದರೆ ಸಂಜೆವರೆಗೂ ಫ್ಯಾನಿನ ಕೆಳಗೆ ಮಗಳು, ಅವಳ ಹಿಂದೆ ಮುಕ್ಕಾಲಿಯ ಮೇಲೆ ನಾನು. ಅಕ್ಕಪಕ್ಕದ ಜಟೆಗಳು ಬುಡದಲ್ಲಿ ಕೂಡಿಕೊಳ್ಳುತ್ತವೆ, ಅವನ್ನು ಬಿಡಿಸಬೇಕು. ಹೊರಬಂದ ಕೂದಲನ್ನು ಹೆಣಿಗೆಯ ಕ್ರೋಶಾ ಕಡ್ಡಿಯಿಂದ ಒಳಗೆಳೆಯಬೇಕು. ಕೊನೆಗೆ ಒಂದೊಂದನ್ನೂ ಅಂಗೈಗಳ ನಡುವೆ ಇಟ್ಟು ಹೊಸೆಯಬೇಕು. ನನ್ನ ತಾಯಿ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದುದನ್ನು ನೋಡಿದ್ದೆನಲ್ಲ, ಆ ಕೈಚಳಕ ನನಗೆ ಬೇಗ ಒಲಿಯಿತು. ಒಲಿಯದೆ ಉಳಿದದ್ದು ಒಂದೇ, ಎಣ್ಣೆ ಹಚ್ಚಬಾರದೆಂಬ ಕಟ್ಟಳೆ. ನಾನು ತಿಪಟೂರಿನವನು. ತೆಂಗಿನೆಣ್ಣೆ ಕಾಣದ ತಲೆಯನ್ನು ಮುಟ್ಟುವುದೆಂದರೆ ನಮ್ಮೂರಿನ ಕೊಬ್ಬರಿಗೆಲ್ಲ ದ್ರೋಹ ಬಗೆದ ಹಾಗೆ. ಒಂದು ಹನಿ ಹಾಕಲಾ ಎಂದು ಪ್ರತಿ ವಾರ ಕೇಳುತ್ತಿದ್ದೆ. “ವದ್ದು ಅಪ್ಪ, ಜಿಡ್ಡು ಕೂತ್ಕೊಳತ್ತೆ” ಎನ್ನುತ್ತಿದ್ದಳು. ತಾಯಿಯೊಡನೆ ವಿಜಯವಾಡದಲ್ಲಿದ್ದು ತೆಲುಗು ಶಾಲೆಗಳಲ್ಲೇ ಓದಿ ಬೆಳೆದ ಹುಡುಗಿ, ಬೇಡ ಎನ್ನುವುದೆಲ್ಲ ಅವಳಿಗೆ ವದ್ದು.

ಮಹಡಿಯ ಮನೆಯ ಸತ್ಯವತಿ ಗಾರು ಒಂದು ದಿನ ಬಾಲ್ಕನಿಯಲ್ಲಿ ಈ ಕಾರ್ಯಕ್ರಮವನ್ನು ನೋಡಿ, ಸಿಂಹಾಚಲದ ಅಪ್ಪನ್ನಸ್ವಾಮಿಗೆ ಮುಡಿ ಕೊಡುವ ಹರಕೆಯೇ ಎಂದು ಭಕ್ತಿಯಿಂದ ಕೇಳಿದರು. ವಿವರಿಸಲು ಸುಸ್ತಾಗಿ, ತೆಲುಗಿನ ಮರ್ಯಾದೆ ಸೇರಿಸಿ ಹೌದು ಅಂಡಿ ಎಂದುಬಿಟ್ಟೆ. ಅಂದಿನಿಂದ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹರಕೆ ತೀರಿಸುವುದು ಯಾವಾಗ ಎಂಬ ವಿಚಾರಣೆ. ಹೀಗೆ ಹೆಂಡತಿಗೆ ಒಂದು ಸುಳ್ಳು, ನೆರೆಯವರಿಗೆ ಒಂದು ಸುಳ್ಳು, ವಾರವಿಡೀ ಬ್ಯಾಂಕಿನ ದುಡಿತ, ಇರುವ ಒಂದು ರಜೆಯೂ ಜಟೆಗೆ. ಸೋಮವಾರ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತಾಗ, ವಾರ ಈಗಷ್ಟೇ ಶುರುವಾಯಿತೆಂಬುದನ್ನು ಬೆನ್ನು ಒಪ್ಪುತ್ತಲೇ ಇರಲಿಲ್ಲ.

ಆದರೂ ಒಂದು ಮಾತು ಹೇಳಬೇಕು. ಇವಳು ಬೆಳೆಯುವ ವರ್ಷಗಳಲ್ಲಿ ನಾನು ಐದು ಊರು ಸುತ್ತಿದೆ. ಶಾಲೆಗೆ ಹೋಗುವ ಮಗಳಿಗೆ ಒಂದು ದಿನವೂ ತಲೆ ಬಾಚಿದವನಲ್ಲ. ಎದುರುಬದುರು ಕುಳಿತರೆ ನಮಗಿಬ್ಬರಿಗೂ ಊಟವಾಯಿತಾ ಎನ್ನುವುದರ ಮುಂದೆ ಮಾತೇ ಹೊರಡುತ್ತಿರಲಿಲ್ಲ. ಅವಳ ಬೆನ್ನ ಹಿಂದೆ ಕುಳಿತು ಹೊಸೆಯುತ್ತ ಹೊಸೆಯುತ್ತ ನನಗೇ ಗೊತ್ತಿಲ್ಲದೆ ಮಾತು ಬಂತು. ಮೊದಲ ಪೋಸ್ಟಿಂಗಿನಲ್ಲಿ ಊಟ ಸಿಗದೆ ಅತ್ತದ್ದು, ಅವಳು ಹುಟ್ಟಿದ ದಿನ ರೈಲು ತಪ್ಪಿಸಿಕೊಂಡದ್ದು, ಎಲ್ಲ ಹೇಳಿದೆ. ಅವಳೂ ಲ್ಯಾಬಿನ ಕಷ್ಟಸುಖ ಹೇಳಿದಳು. ಒಮ್ಮೆ, “ಇದೆಲ್ಲ ನೀನು ಮೊದಲೇ ಯಾಕೆ ಹೇಳಲಿಲ್ಲ ಅಪ್ಪ?” ಎಂದಳು. ಹೇಳುವುದಕ್ಕೆ ನಿನ್ನ ಮುಖ ಅಡ್ಡ ಬರುತ್ತಿತ್ತು ಎನ್ನಬೇಕೆನ್ನಿಸಿತು. ಹೊಸೆಯುತ್ತಿದ್ದ ಜಟೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದೆ.

ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿದರು. ಕೈಗೆ ಇನ್ನೂ ಬಲವಿಲ್ಲವೆಂದು ಡಾಕ್ಟರು ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡು ಇನ್ನೆರಡು ಭಾನುವಾರ ಮುಂದುವರಿಸಿದೆ. ಈ ನಡುವೆ ರಜೆ ಸಿಗದೆ ಬರಲಾಗದಿದ್ದ ಭಾರತಿ ಆಮೇಲೆ ಒಂದು ಶುಕ್ರವಾರ ಸಂಜೆ ಬಂದಳು. ದುವ್ವಾಡ ಸ್ಟೇಷನ್ನಿನಿಂದ ಅವಳನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದೆ. ರೈಲ್ವೆ ಗೇಟು ಹಾಕಿದ್ದರಿಂದ ಗಾಡಿ ನಿಲ್ಲಿಸಿದೆ. ಆಗ ಅವಳು, “ಬೇಜಾರು ಮಾಡ್ಕೋಬೇಡಿ, ಒಂದು ವಿಷಯ ಹೇಳ್ತೀನಿ” ಎಂದು ಶುರುಮಾಡಿದಳು. ಮೇಘನಾಗೆ ಜಟೆ ಸಾಕಾಗಿತ್ತಂತೆ. ಭಾರಕ್ಕೆ ಕತ್ತು ನೋವು, ಲ್ಯಾಬಿನ ಟೋಪಿಯೊಳಗೆ ತುರುಕುವುದು ದಿನಾ ಒಂದು ಯುದ್ಧ. ಕತ್ತರಿಸಿಬಿಡುತ್ತೇನೆಂದು ಪ್ಲಾಸ್ಟರ್ ಹಾಕಿದ ಎರಡನೆಯ ವಾರದಲ್ಲೇ ತಾಯಿಗೆ ಫೋನು ಮಾಡಿ ಹೇಳಿದ್ದಳಂತೆ.

“ಮತ್ತೆ ಯಾಕೆ ಕತ್ತರಿಸಲಿಲ್ಲ?” ಎಂದೆ.

“ಅಪ್ಪ ಪಾಪ ಇಷ್ಟು ಕಷ್ಟಪಟ್ಟು ಕಲ್ತಿದಾರೆ, ಕೂತ್ಕೊಂಡು ಅಷ್ಟು ಮಾತಾಡ್ತಾರೆ, ಈಗ ಹೇಗೆ ಹೇಳೋದು ಅಂದ್ಲು. ಸರಿ, ಅವರಿಗೆ ಸಾಕಾಗೋವರೆಗೂ ಇರ್ಲಿ ಬಿಡು ಅಂದೆ.”

ನಾನು ಮುಚ್ಚಿಟ್ಟದ್ದು ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದೆ. ಅವಳು ನನ್ನನ್ನು ಆಯಾಸದಿಂದ ನೋಡಿದಳು. “ಅವಳು ಹೇಳಬೇಕಾಗೇ ಇರ್ಲಿಲ್ಲ. ಭಾನುವಾರ ವಿಡಿಯೊ ಕಾಲಲ್ಲಿ ಮಾತಾಡೋವಾಗ ಬಾಯಲ್ಲಿ ಕಡ್ಡಿ ಕಚ್ಕೊಂಡಿರ್ತಿದ್ರಿ. ಅದೂ ನನ್ನದೇ ಕ್ರೋಶಾ ಕಡ್ಡಿ.” ಗೇಟು ತೆರೆದಿತ್ತು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುವವರೆಗೂ ನನಗೆ ಅದು ಕಾಣಲಿಲ್ಲ.

ಎರಡು ತಿಂಗಳು ನಾನು ಅವರಿಗಾಗಿ ಸವೆಯುತ್ತಿದ್ದೇನೆಂದುಕೊಂಡಿದ್ದೆ. ಅವರಿಬ್ಬರೂ ನನಗಾಗಿ ಸಹಿಸಿಕೊಂಡಿದ್ದರು. ಮನೆಗೆ ಬಂದು ಮಗಳಿಗೆ ಬಹಳ ಘನತೆಯಿಂದ, ನಿನ್ನ ತಲೆ, ನಿನ್ನಿಷ್ಟ ಎಂದೆ. ಆದರೆ ಕೊಳೆಯಾದ ತಲೆಯಲ್ಲಿ ಸಲೂನಿಗೆ ಹೋಗುವುದು ಸರಿಯಲ್ಲ, ನಾಳೆ ತೊಳೆದು ಒಣಗಿಸಿ ನಾಡಿದ್ದು ಹೋಗೋಣ ಎಂದೂ ಸೇರಿಸಿದೆ. ಕತ್ತರಿಸಿ ಬಿಸಾಡುವ ಕೂದಲನ್ನು ತೊಳೆಯುವುದೇಕೆ ಎಂದು ತಾಯಿ ಮಗಳು ಇಬ್ಬರೂ ಕೇಳಲಿಲ್ಲ. ಭಾರತಿ ತಾನೇ ನೀರು ಕಾಯಿಸಿಟ್ಟಳು.

ಭಾನುವಾರ ಮೂವರೂ ಸಲೂನಿಗೆ ಹೋದೆವು. ಅಲ್ಲಿನ ಹೆಣ್ಣುಮಗಳು ಕತ್ತರಿ ಹಿಡಿದವಳು ಒಂದು ಜಟೆಯನ್ನು ಎತ್ತಿ, ಬುಡ ನೋಡಿ, ಮೂಸಿ, ಈ ಊರಿನ ಹವೆಯಲ್ಲಿ ಇಷ್ಟು ಚೆನ್ನಾಗಿ ಇಟ್ಟುಕೊಂಡವರನ್ನು ತಾನು ನೋಡಿಲ್ಲ, ಯಾರು ಮಾಡಿದ್ದು ಎಂದು ತೆಲುಗಿನಲ್ಲಿ ವಿಚಾರಿಸಿದಳು. “ಮಾ ನಾನ್ನ”, ನಮ್ಮಪ್ಪ, ಎಂದು ಮೇಘನಾ ನನ್ನತ್ತ ಕೈ ತೋರಿಸಿದಳು. ಅರ್ಧ ಗಂಟೆಯಲ್ಲಿ ಮೂವತ್ತೆಂಟೂ ನೆಲಕ್ಕೆ ಬಿದ್ದವು. ಮಗಳ ಮುಖ ಚಿಕ್ಕಂದಿನಂತೆ ಕಂಡಿತು. ಹೊರಡುವಾಗ ಆ ಹೆಣ್ಣುಮಗಳು ನನ್ನನ್ನು ಪಕ್ಕಕ್ಕೆ ಕರೆದು, ಜಟೆಯಿರುವ ಇಬ್ಬರು ಗಿರಾಕಿಗಳು ತನಗಿದ್ದಾರೆ, ನೋಡಿಕೊಳ್ಳಲು ಇಲ್ಲಿ ಯಾರಿಗೂ ಬರುವುದಿಲ್ಲ, ಭಾನುವಾರ ನಿಮಗೆ ಬಿಡುವಾದರೆ ಎಂದು ತನ್ನ ನಂಬರು ಕೊಟ್ಟಳು. ನಾನು ಬ್ಯಾಂಕಿನಲ್ಲಿ ಅಧಿಕಾರಿ ಎಂದು ಗಂಭೀರವಾಗಿ ತಿಳಿಸಿ ಹೊರಗೆ ಬಂದೆ. ಆ ನಂಬರನ್ನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆಂದು ಭಾರತಿಗೆ ಹೇಳಿಲ್ಲ. ಹೇಳುವ ಅಗತ್ಯವೂ ಇರಲಾರದು, ಅವಳಿಗೆ ಇಷ್ಟರಲ್ಲಿ ಗೊತ್ತಾಗಿರುತ್ತದೆ.