ದೊಡ್ಡಪ್ಪನ ಘರ್ಜನೆ, ಹೊರಗಿನ ಚಿಲಕ

ಈ ಸಲ ಪ್ರೇಕ್ಷಕರು ಒಬ್ಬ ಮನುಷ್ಯನಿಗಾಗಿಯಾದರೂ ಗಡಗಡ ನಡುಗುವಂತೆ ಬರೆಯದಿದ್ದರೆ ನಾನು ಪೆನ್ನನ್ನೇ ಮುಟ್ಟುವುದಿಲ್ಲ ಎಂದು ಊಟದ ಮೇಜು ಗುದ್ದಿ ಶಪಥ ಮಾಡಿದೆ! ಹೆಂಡತಿ ನೀರಿನ ಲೋಟ ಹಿಡಿದುಕೊಂಡಳು. ಅತ್ತೆ, ಅಂದರೆ ಅವಳ ತಾಯಿ, ತಟ್ಟೆ ಹಿಡಿದುಕೊಂಡರು.

ನಾನು ಸಿನಿಮಾ ಕಥೆಗಾರ. ಸಮುದ್ರದಿಂದೆದ್ದು ಬಂದು ಊರಿಗೆ ಊರನ್ನೇ ತುಳಿಯುವ ದೈತ್ಯಪ್ರಾಣಿಯ ಸರಣಿ ನನ್ನದು. ಭಾಗದ ಮೇಲೆ ಭಾಗ ಬರುತ್ತಲೇ ಇದೆ. ಆ ಪ್ರಾಣಿಗೆ ನಾವು ತಂಡದವರು ಪ್ರೀತಿಯಿಂದ ಇಟ್ಟ ಹೆಸರು ‘ದೊಡ್ಡಪ್ಪ’. ದೊಡ್ಡಪ್ಪ ಬಾಲ ಆಡಿಸಿದರೆ ಶಿಳ್ಳೆ, ನನ್ನ ಮನುಷ್ಯರು ಬಾಯಿ ತೆರೆದರೆ ಆಕಳಿಕೆ! ಜನ ನೆನಪಿಟ್ಟುಕೊಂಡಿರುವುದು ಒಬ್ಬನನ್ನೇ: ಪುಕ್ಕಲ. ಹೆಂಡತಿ ಮಕ್ಕಳನ್ನು ಬಿಟ್ಟು ಓಡುವ ಅಂಥವನೊಬ್ಬನನ್ನು ಪ್ರತಿ ಭಾಗದಲ್ಲೂ ಸೃಷ್ಟಿಸಿ, ಮಧ್ಯಂತರಕ್ಕೆ ಮೊದಲೇ ದೊಡ್ಡಪ್ಪನ ಕಾಲಡಿಗೆ ಹಾಕುತ್ತೇನೆ. ಚಪ್ಪಾಳೆಯೋ ಚಪ್ಪಾಳೆ!

“ಪುಕ್ಕಲನ ಚಪ್ಪಾಳೆ ಸಾಕು ಕಣ್ರೀ,” ಎಂದಿದ್ದರು ನಿರ್ದೇಶಕರು. “ಉಳಿದವ್ರಿಗೆ ಏನಾಗುತ್ತೋ ಅಂತ ಜನಕ್ಕೆ ಜೀವ ಬಾಯಿಗೆ ಬರ್ಬೇಕು. ಇಲ್ಲಾಂದ್ರೆ ಬೇರೆ ಕಥೆಗಾರನ್ನ ನೋಡ್ಕೋತೀನಿ.”

ಕೆಲಸ ಉಳಿಯಬೇಕಾದರೆ ನಿಜವಾದ ಭಯವನ್ನು ಕಣ್ಣಾರೆ ಕಾಣಬೇಕು. ಕಾಣಲು ಮನೆಯಲ್ಲೇ ಇಬ್ಬರಿದ್ದಾರಲ್ಲ! ಸೌಂಡ್ ಎಂಜಿನಿಯರನ್ನು ಕಾಡಿ ಬೇಡಿ, ಹೊಸ ಭಾಗದ ಘರ್ಜನೆ ತುಂಬಿದ ಪೆನ್‌ಡ್ರೈವನ್ನೂ ಟ್ರಂಕಿನಷ್ಟು ದೊಡ್ಡ ಸ್ಪೀಕರನ್ನೂ ತಂದೆ. ಉಗ್ರಾಣದ ಅಟ್ಟದ ಮೇಲೆ ಹಳೆ ಪಾತ್ರೆಗಳ ನಡುವೆ ಅದನ್ನು ಅಡಗಿಸಿದೆ. ರಜೆಯ ದಿನ ಬೆಳಗ್ಗೆ, ಹೆಂಗಸರಿಬ್ಬರೂ ಅಡುಗೆಮನೆಯಲ್ಲಿದ್ದಾಗ, ಪೇಪರ್ ಓದುವವನಂತೆ ಕೂತು ರಿಮೋಟ್ ಒತ್ತಿದೆ.

ಘೂರ್ರ್ರ್ರ್! ಕಿಟಕಿಯ ಗಾಜು ಅದುರಿತು.

“ಪಕ್ಕದ ಮನೆಯವ್ರ ಪಂಪು ಕೆಟ್ಟಿರ್ಬೇಕು,” ಎಂದಳು ಹೆಂಡತಿ.

“ಪಂಪಲ್ಲ ಕಣೇ, ಅಳಿಯಂದ್ರ ಹೊಟ್ಟೆ,” ಎಂದರು ಅತ್ತೆ. “ರಾತ್ರಿ ಬೇಡ ಬೇಡ ಅಂದ್ರೂ ಮತ್ತೆ ಬಡಿಸ್ಕೊಂಡ್ರು.”

ಮಹಾನಗರಗಳನ್ನು ಖಾಲಿ ಮಾಡಿಸಿದ ಘರ್ಜನೆಗೆ ಇಂಥ ಅವಮಾನ! ಮುಖ ಸಿಂಡರಿಸಿಕೊಂಡು ಉಗ್ರಾಣಕ್ಕೆ ಹೋಗಿ ಸ್ಪೀಕರಿನ ಪ್ಲಗ್ ಕಿತ್ತೆ. ಕೆಳಗಿಳಿಸೋಣವೆಂದು ಸ್ಟೂಲು ಹತ್ತಿದೆ.

ಅಟ್ಟದ ಕತ್ತಲೆಯೊಳಗೆ ಯಾರೋ ಉಸಿರೆಳೆದರು.

ಪ್ಲಗ್ ನನ್ನ ಕೈಯಲ್ಲೇ ಇದೆ! ಉಸಿರು ನಿಧಾನಕ್ಕೆ ಗುಟುರಾಯಿತು, ಗುಟುರು ಘರ್ಜನೆಯಾಯಿತು. ಅದು ದೊಡ್ಡಪ್ಪನದಲ್ಲ. ದೊಡ್ಡಪ್ಪನ ದನಿ ನನಗೆ ಗೊತ್ತಿಲ್ಲವೇ? ಇದು ಬೇರೆ ಯಾವುದೋ! ತಲೆಯ ಮೇಲೆ ಧೂಳು ಸುರಿಯಿತು, ದೊಡ್ಡ ಹಂಡೆಯೊಂದು ಜರುಗಿ ಜರುಗಿ ಧಡಾರನೆ ಬಿತ್ತು. ‘ಭಯದಿಂದ ಕಲ್ಲಿನಂತೆ ನಿಂತ’ ಎಂದು ಎಷ್ಟು ಸಲ ಬರೆದಿದ್ದೇನೋ. ಶುದ್ಧ ಸುಳ್ಳು ಸ್ವಾಮಿ! ಯಾರೂ ನಿಲ್ಲುವುದಿಲ್ಲ.

ನನಗೆ ಬುದ್ಧಿ ಬಂದಾಗ ನಾನು ಮನೆಯ ಹೊರಗಿದ್ದೆ. ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತಿದ್ದೆ. ಎಷ್ಟು ಹೊತ್ತಾಯಿತೋ, ಒಳಗಿನಿಂದ ದಬ ದಬ ದಬ!

ಬಂತು! ಬಾಗಿಲ ತನಕ ಬಂತು! ಮೈಯ ಭಾರವನ್ನೆಲ್ಲ ಬಾಗಿಲಿಗೆ ಹಾಕಿದೆ.

ಎದುರು ಮನೆಯ ಟೈಲರ್ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಓಡಿ ಬಂದ. “ಏನಾಯ್ತು ಸಾರ್? ಒಳಗೆ ಯಾರಿದಾರೆ?”

“ಗೊತ್ತಿಲ್ಲ! ದೊಡ್ಡಪ್ಪ ಅಂತೂ ಅಲ್ಲ!”

ಅವನು ಬಾಗಿಲಿಗೆ ಕಿವಿಯಿಟ್ಟ. “ಮೇಡಂ ಅವರ ದನಿ ಥರ ಇದೆಯಲ್ಲ ಸಾರ್?”

ಆಗ ಹುಟ್ಟಿತು ನೋಡಿ ಭಯ! ಮೊದಲಿನದು ಏನೇನೂ ಅಲ್ಲ. ಅವಳು ಒಳಗಿದ್ದಾಳೆ. ಅದೂ ಒಳಗಿದೆ. ಚಿಲಕ ಹಾಕಿದವನು ನಾನು. ಚಿಲಕವನ್ನು ಹಿಂದಕ್ಕೆಳೆಯುವ ಬದಲು ಮತ್ತೂ ಮುಂದಕ್ಕೇ ತಳ್ಳುತ್ತಿದ್ದೆ. ಕೊನೆಗೆ ಟೈಲರನೇ ತೆಗೆದ.

ತಲೆತುಂಬ ಧೂಳು, ಕೈಯಲ್ಲಿ ಸೌಟು, ಕಣ್ಣಲ್ಲಿ ನೀರು. ಹೆಂಡತಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ರೀ! ಹಂಡೆ ನಿಮ್ಮ ಮೇಲೇ ಬಿತ್ತು ಅಂತ ಜೀವ ಹೋಯ್ತು! ಉಗ್ರಾಣ, ಬಚ್ಚಲು, ಮಂಚದ ಕೆಳಗೆ, ಎಲ್ಲಾ ಕಡೆ ಹುಡುಕಿದೆ! ಆಮೇಲೆ ಮನೆಯೇ ಅದುರ್ತಿದೆ ಅಂತ ಅಮ್ಮನ್ನ ಹೊರಗೆ ಕರ್ಕೊಂಡ್ಹೋಗೋಣ ಅಂದ್ರೆ ಬಾಗ್ಲೇ ತೆಗೀತಿಲ್ಲ! ಚಿಲಕ ಯಾರು ಹಾಕಿದ್ದು?”

ಟೈಲರ್ ಟೇಪು ಸುತ್ತಿಕೊಳ್ಳುತ್ತಾ ಮೆಲ್ಲಗೆ ಜಾಗ ಖಾಲಿ ಮಾಡಿದ. ಸದ್ಯ, ಜೇಬಿನ ಮೊಬೈಲ್ ಹೊಡೆದುಕೊಂಡಿತು.

“ಹೇಗಿತ್ತು ಸಾರ್ ಪೆನ್‌ಡ್ರೈವಲ್ಲಿದ್ದ ಎರಡನೇ ಘರ್ಜನೆ?” ಸೌಂಡ್ ಎಂಜಿನಿಯರ್ ಕೇಳಿದ. “ಅದು ದೊಡ್ಡಮ್ಮಂದು. ಈ ಭಾಗದಲ್ಲಿ ದೊಡ್ಡಪ್ಪಂಗೆ ಜೋಡಿ ಬರ್ತಿದಾಳೆ. ನಿಮಗೆ ಯಾರೂ ಹೇಳ್ಲಿಲ್ವಾ?”

ಕಥೆ ಬದಲಾದದ್ದು ಕಥೆಗಾರನಿಗೇ ಗೊತ್ತಿಲ್ಲ! “ಪ್ಲಗ್ ಕಿತ್ತಿದ್ದೆನಲ್ಲಯ್ಯಾ!”

“ಸ್ಪೀಕರಿನೊಳಗೆ ಬ್ಯಾಟರಿ ಇದೆ ಸಾರ್. ಒಂದು ಘರ್ಜನೆ ಮುಗಿದ್ರೆ ಇನ್ನೊಂದು ತಾನೇ ಶುರುವಾಗುತ್ತೆ.”

ನಾಚಿಕೆಯಿಂದ ಕುಗ್ಗಿಹೋದೆ. ಆದರೂ ಕಥೆಗಾರನ ಜಂಬ ಅಷ್ಟು ಬೇಗ ಇಳಿಯುತ್ತದೆಯೇ? ನಡೆದದ್ದನ್ನೆಲ್ಲ ಒಪ್ಪಿಕೊಂಡು, “ಆದ್ರೂ ನೋಡೇ, ಕೊನೆಗೂ ಪಾತ್ರ ಸಿಕ್ತು!” ಎಂದೆ. “ದೈತ್ಯ ಘರ್ಜಿಸ್ತಿದ್ರೂ ಗಂಡನ್ನ ಹುಡುಕ್ತಾ ಒಳಗೇ ಉಳಿಯೋ ಹೆಂಡ್ತಿ! ಅವಳಿಗೋಸ್ಕರ ಜನ ನಡುಗದೆ ಇರ್ತಾರಾ?”

ಹೆಂಡತಿ ಸೌಟು ಹಿಡಿದು ಅಡುಗೆಮನೆಗೆ ನಡೆದಳು. ಸೆರಗಿನ ಧೂಳು ಕೊಡವುತ್ತಿದ್ದ ಅತ್ತೆ ತಲೆ ಎತ್ತಿದರು.

“ಅವಳ ಪಾತ್ರ ಚೆನ್ನಾಗಿದೆ,” ಎಂದರು. “ನಿಮ್ಮ ಪಾತ್ರ ಮಾತ್ರ ಮಧ್ಯಂತರದ ತನಕ ಬರಲ್ಲ ಬಿಡಿ, ಅಳಿಯಂದ್ರೇ.”